ಪರಿಹಾಸ ಪತ್ರಿಕೆಯ ಚಿತ್ರಕಾರ ಸರ್ ಜಾನ್ ಟೆನಿಯಲ್

ನಮ್ಮ ಅಲಂಕಾರಶಾಸ್ತ್ರದಲ್ಲಿ ಅನ್ಯೋಕ್ತಿಯೆಂಬ ಒಂದು ಮಾರ್ಗವುಂಟು. ಕವಿಯು ಸಿಂಹವನ್ನೋ ಹಂಸವನ್ನೋ ಮೇಘವನ್ನೋ ಕುರಿತು ಮಾತನಾಡುವಂತೆ ತೋರಿ, ವಾಸ್ತವವಾಗಿ ರಾಜನನ್ನೋ ಪಂಡಿತನನ್ನೋ ದಾನಿಯನ್ನೋ ಕುರಿತು ನುಡಿಯುವನು. ಜಗನ್ನಾಥಪಂಡಿತನ ಭಾಮಿನೀವಿಲಾಸದ ಮೊದಲನೆಯ ಭಾಗವು ಇಂತಹ ಉಕ್ತಿಗಳ ಭಂಡಾರವೇ ಆಗಿದೆ. ಮಾತಿನಿಂದಾಗುವ ಈ ಕಾರ್ಯವನ್ನು ರೇಖೆಯಿಂದ ಸಾಧಿಸುವುದೇ ವ್ಯಂಗ್ಯಚಿತ್ರದ ಕಲೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಈ ಕಲೆಯನ್ನು ಐವತ್ತು ವರ್ಷಗಳ ಕಾಲ ವಾರಕ್ಕೊಂದರಂತೆ ನಡೆಸಿದವನು ಸರ್ ಜಾನ್ ಟೆನಿಯಲ್. ಆಲಿಸ್ ಎಂಬ ಬಾಲಿಕೆಯ ಅದ್ಭುತಲೋಕದ ಕಥೆಗೆ ಚಿತ್ರ ಬರೆದವನೆಂದು ಅವನನ್ನು ಲೋಕವೆಲ್ಲ ಬಲ್ಲುದು. 1857ರಲ್ಲಿ ನಮ್ಮ ದೇಶದವರನ್ನು ನರಭಕ್ಷಕ ವ್ಯಾಘ್ರನ ರೂಪದಲ್ಲಿ ಬರೆದು ಇಂಗ್ಲೆಂಡಿನ ಮನೆಮನೆಗೂ ಮುಟ್ಟಿಸಿದ ಕೈಯೂ ಅದೇ ಎಂಬುದನ್ನು ಬಲ್ಲವರು ವಿರಳ. ಮಕ್ಕಳನ್ನು ನಗಿಸಿದ ಕೈಯೂ ಪ್ರತೀಕಾರವನ್ನು ಹೊಗಳಿದ ಕೈಯೂ ಒಂದೇ ಆದುದು ಹೇಗೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಟೆನಿಯಲ್ಲನು 1820ನೆಯ ಇಸವಿ ಫೆಬ್ರವರಿ 28ರಂದು ಲಂಡನ್ ನಗರದಲ್ಲಿ ಜನಿಸಿದನು. ತಂದೆಯು ಕತ್ತಿವರಸೆಯನ್ನೂ ನೃತ್ಯವನ್ನೂ ಕಲಿಸಿ ಜೀವಿಸುತ್ತಿದ್ದವನು. ಮತಕಲಹದ ಕಾಲದಲ್ಲಿ ಫ್ರಾನ್ಸನ್ನು ಬಿಟ್ಟುಬಂದ ಹ್ಯೂಗೆನಾಟ್ ವಂಶದವನು. ಬಾಲಕನು ರಾಯಲ್ ಅಕಾಡೆಮಿಯ ಚಿತ್ರಶಾಲೆಯನ್ನು ಸೇರಿದನಾದರೂ ಅಲ್ಲಿಯ ಬೋಧನೆಯಿಂದ ತೃಪ್ತಿಹೊಂದದೆ ಹೊರಬಂದು, ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪುರಾತನ ಶಿಲ್ಪಗಳನ್ನೂ ಕವಚ ವಸ್ತ್ರಾಭರಣಗಳ ಗ್ರಂಥಗಳನ್ನೂ ನೋಡಿ ನೋಡಿ ತಾನೇ ಕಲಿತನು. ಇಪ್ಪತ್ತು ವರ್ಷದ ಪ್ರಾಯದಲ್ಲಿ ತಂದೆಯೊಡನೆ ಕತ್ತಿವರಸೆ ಮಾಡುತ್ತಿದ್ದಾಗ, ಅಭ್ಯಾಸದ ಕತ್ತಿಯ ತುದಿಗೆ ಹಾಕಿದ್ದ ಗುಂಡಿಯು ಕಳಚಿ, ಮೊನೆಯು ಅವನ ಬಲಗಣ್ಣಿಗೆ ತಗಲಿತು. ಆ ಕಣ್ಣಿನ ದೃಷ್ಟಿಯು ಕ್ರಮೇಣ ನಷ್ಟವಾಯಿತು. ತಂದೆಯು ನೊಂದುಕೊಂಡಾನೆಂದು ಮಗನು ಪೆಟ್ಟಿನ ತೀವ್ರತೆಯನ್ನು ಅವನಿಗೆ ತಿಳಿಸದೆಯೇ ಉಳಿದನು. ಇನ್ನೊಬ್ಬರ ಮನಸ್ಸನ್ನು ಕಾಯಲು ತನ್ನ ನೋವನ್ನು ನುಂಗಿಕೊಳ್ಳುವ ಈ ಸ್ವಭಾವವು ಅವನಲ್ಲಿ ಕಡೆಯವರೆಗೂ ನಿಂತಿತು. ಅವನ ಗುಣವೂ, ಮುಂದೆ ಕಾಣುವಂತೆ, ಅವನ ಕೊರತೆಯೂ ಅದರಲ್ಲಿಯೇ ಅಡಗಿವೆ. ಒಂದು ಕಣ್ಣು ಹೋದರೂ ಒಮ್ಮೆ ಕಂಡುದನ್ನು ಮರೆಯದ ಧಾರಣಶಕ್ತಿಯೊಂದು ಅವನಿಗಿದ್ದಿತು. ಎದುರಿನಲ್ಲಿ ಮನುಷ್ಯನನ್ನಾಗಲಿ ಪ್ರಾಣಿಯನ್ನಾಗಲಿ ನಿಲ್ಲಿಸಿಕೊಂಡು ಬರೆಯುವ ಪದ್ಧತಿಯನ್ನು ಅವನು ಇಟ್ಟುಕೊಳ್ಳಲಿಲ್ಲ. ಎಲ್ಲವೂ ನೆನಪಿನಿಂದಲೇ ಬಂದುದು.

ಇಲ್ಲಿ ಕಾರ್ಟೂನ್ ಎಂಬ ಶಬ್ದದ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಈ ಶಬ್ದಕ್ಕೆ ಮೂಲದಲ್ಲಿ ಪರಿಹಾಸದ ಸಂಬಂಧವೇ ಇಲ್ಲ. ಗೋಡೆಯ ಮೇಲೆ ಭಿತ್ತಿಚಿತ್ರವನ್ನು ಬರೆಯುವುದಕ್ಕೆ ಮೊದಲು ದಪ್ಪ ಕಾಗದದ ಮೇಲೆ ಪೂರ್ಣ ಪ್ರಮಾಣದಲ್ಲಿ ರಚಿಸುವ ರೇಖಾಚಿತ್ರಕ್ಕೆ ಆ ಹೆಸರು. 1834ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟ್ ಮಂದಿರವು ಬೆಂಕಿಗೆ ಆಹುತಿಯಾದ ತರುವಾಯ ಕಟ್ಟಿದ ಹೊಸ ಮಂದಿರದ ಗೋಡೆಗಳನ್ನು ಅಲಂಕರಿಸಲು ಚಿತ್ರಕಾರರಿಗೆ ಸ್ಪರ್ಧೆಗಳನ್ನು ಏರ್ಪಡಿಸಿದರು. 1843ರಲ್ಲಿ ಅಂತಹ ಕಾರ್ಟೂನುಗಳ ಪ್ರದರ್ಶನ ನಡೆದಾಗ, ಪಂಚ್ ಎಂಬ ಪರಿಹಾಸದ ವಾರಪತ್ರಿಕೆಯು, ಹಸಿದ ಬಡವರು ಚಿತ್ರಗಳನ್ನು ನೋಡಿ ಹೊಟ್ಟೆ ತುಂಬಿಕೊಳ್ಳಬೇಕೆಂದು ಸರ್ಕಾರವನ್ನು ಹಂಗಿಸಿ, ಜಾನ್ ಲೀಚ್ ಎಂಬವನ ಚಿತ್ರವೊಂದನ್ನು ಕಾರ್ಟೂನ್ ಎಂಬ ಹೆಸರಿನಿಂದಲೇ ಪ್ರಕಟಿಸಿತು. ಅಂದಿನಿಂದ ಹಾಸ್ಯಚಿತ್ರಕ್ಕೆ ಆ ಹೆಸರು ಅಂಟಿಕೊಂಡಿತು. ಟೆನಿಯಲ್ಲನಾದರೋ ಮೊದಲು ಶಬ್ದದ ಹಳೆಯ ಅರ್ಥದಲ್ಲಿ ಕಾರ್ಟೂನ್ ಬರೆದವನು. 1845ರ ಸ್ಪರ್ಧೆಗೆ ಅವನು ಹದಿನಾರು ಅಡಿಯ ಚಿತ್ರವೊಂದನ್ನು ಕಳುಹಿಸಿ ಬಹುಮಾನವನ್ನು ಪಡೆದನು. ಮಂದಿರದಲ್ಲಿ ಒಂದು ಭಿತ್ತಿಚಿತ್ರವನ್ನು ಬರೆಯುವ ಕೆಲಸವೂ ಅವನಿಗೆ ದೊರೆಯಿತು. ಸ್ಪರ್ಧೆಯ ಆ ಚಿತ್ರದ ವಿಷಯ ನ್ಯಾಯದೇವತೆ. ಇದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ.

1848ರಲ್ಲಿ ಈಸೋಪನ ನೀತಿಕಥೆಗಳಿಗೆ ಅವನು ಬರೆದ ಚಿತ್ರಗಳು ಹೊರಬಂದುವು. ನಮ್ಮ ದುರ್ಗಸಿಂಹನ ಪಂಚತಂತ್ರದಲ್ಲಿ ಹೇಗೋ ಹಾಗೆ ಅಲ್ಲಿಯೂ ನರಿ, ಸಿಂಹ, ಕಾಗೆಗಳೇ ಪಾತ್ರಗಳು. ಟೆನಿಯಲ್ಲನ ಪ್ರಾಣಿಗಳು ಪ್ರಾಣಿಗಳಾಗಿಯೇ ಉಳಿದು ಮನುಷ್ಯರ ಬುದ್ಧಿಯನ್ನು ತೋರಿಸುತ್ತಿದ್ದುವು. ಆ ಪುಸ್ತಕವೇ ಅವನನ್ನು ಪಂಚ್ ಪತ್ರಿಕೆಯ ಬಾಗಿಲಿಗೆ ಕರೆದೊಯ್ದಿತು. 1841ರಲ್ಲಿ ಆರಂಭವಾಗಿ ಮೂರು ಪೆನ್ನಿಗೆ ಮಾರಾಟವಾಗುತ್ತಿದ್ದ ಆ ಪತ್ರಿಕೆಯಲ್ಲಿ ರಿಚರ್ಡ್ ಡಾಯ್ಲ್ ಎಂಬ ಚಿತ್ರಕಾರನಿದ್ದನು. ಅವನು ಕ್ಯಾಥೊಲಿಕ್ ಮತಸ್ಥ. ಪತ್ರಿಕೆಯು ಪೋಪನನ್ನು ಅಪಹಾಸ್ಯ ಮಾಡಿದುದನ್ನು ಸಹಿಸದೆ 1850ರಲ್ಲಿ ಅವನು ಕೆಲಸವನ್ನೇ ಬಿಟ್ಟುಹೋದನು. ತೆರವಾದ ಆ ಸ್ಥಾನಕ್ಕೆ ಸಂಪಾದಕ ಮಾರ್ಕ್ ಲೆಮನ್ ಟೆನಿಯಲ್ಲನನ್ನು ಕರೆಯಿಸಿದನು. ತನ್ನಲ್ಲಿ ಹಾಸ್ಯವೇನಿದೆಯೆಂದು ಇವರು ಭಾವಿಸಿದರೋ ಎಂದು ಗಂಭೀರಚಿತ್ರಗಳ ಕನಸು ಕಾಣುತ್ತಿದ್ದ ಅವನು ಸಂಶಯಪಟ್ಟನಂತೆ. ಆದರೂ ಒಪ್ಪಿದನು. ಅಭಿಪ್ರಾಯಭೇದದಿಂದ ಒಬ್ಬನು ಎದ್ದುಹೋದ ಪೀಠದಲ್ಲಿ, ಅಭಿಪ್ರಾಯವನ್ನು ಹೊರಗೆಡಹದ ಇನ್ನೊಬ್ಬನು ಬಂದು ಕುಳಿತನು. 1864ರಲ್ಲಿ ಲೀಚನು ತೀರಿಕೊಂಡಮೇಲೆ ಅವನೇ ಪತ್ರಿಕೆಯ ಪ್ರಧಾನ ಚಿತ್ರಕಾರನಾದನು.

ಆ ಪತ್ರಿಕೆಯ ಕಾರ್ಯಕ್ರಮವು ತಿಳಿಯತಕ್ಕದ್ದಾಗಿದೆ. ಪ್ರತಿ ಬುಧವಾರ ರಾತ್ರಿ ಸಂಪಾದಕನೂ ಲೇಖಕರೂ ಚಿತ್ರಕಾರರೂ ಒಂದು ದೊಡ್ಡ ಮೇಜಿನ ಸುತ್ತ ಭೋಜನಕ್ಕೆ ಸೇರುವರು. ಮಂಡಲಿಗೆ ಸೇರಿದವರು ತಮ್ಮ ಹೆಸರಿನ ಮೊದಲಕ್ಷರಗಳನ್ನು ಆ ಮೇಜಿನ ಮೇಲೆ ಕೆತ್ತುವುದು ಸಂಪ್ರದಾಯ. ಊಟ ಮುಗಿದಮೇಲೆ ಮುಂದಿನ ಸಂಚಿಕೆಯ ಪ್ರಧಾನ ಚಿತ್ರದ ವಿಷಯವನ್ನು ಕುರಿತು ಚರ್ಚೆ ನಡೆಯುವುದು. ಯಾವ ರಾಜಕಾರಣಿಯನ್ನು ಹೊಗಳಬೇಕು, ಯಾವನನ್ನು ತೆಗಳಬೇಕು, ಯಾವ ಕಥೆಯ ವೇಷವನ್ನು ಅವನಿಗೆ ತೊಡಿಸಬೇಕು ಎಂಬುದೆಲ್ಲ ಅಲ್ಲಿಯೇ ನಿರ್ಣಯವಾಗುವುದು. ಟೆನಿಯಲ್ಲನು ಹೆಚ್ಚು ಮಾತನಾಡದೆ ಕೇಳಿಕೊಂಡು ಮನೆಗೆ ಹೋಗುವನು. ಗುರುವಾರ ಯೋಚನೆ ಮತ್ತು ಕರಡುಚಿತ್ರ. ಶುಕ್ರವಾರ ಬೆಳಗಿನಿಂದ ಸಾಯಂಕಾಲದವರೆಗೆ, ಬಾಕ್ಸ್ ಎಂಬ ಗಟ್ಟಿ ಮರದ ನಯಮಾಡಿದ ಹಲಗೆಯ ಮೇಲೆ ಪೆನ್ಸಿಲಿನಿಂದ ಎಡಬಲಗಳು ತಿರುಗುಮುರುಗಾಗಿ ಬರೆಯುವುದು. ಕೆತ್ತನೆಗಾರ ಜೋಸೆಫ್ ಸ್ವೇನನ ಹುಡುಗನು ಸಂಜೆಯಲ್ಲಿ ಬಾಗಿಲಲ್ಲಿ ಕಾದಿದ್ದು ಹಲಗೆಯನ್ನು ಒಯ್ಯುವನು. ಅದು ಹಲವು ತುಂಡುಗಳನ್ನು ಕೂಡಿಸಿ ಬಿಗಿದ ಹಲಗೆ. ತುಂಡುಗಳನ್ನು ಬೇರ್ಪಡಿಸಿ ಹಲವರು ಏಕಕಾಲದಲ್ಲಿ ಕೆತ್ತಿ, ಮರಳಿ ಕೂಡಿಸಿ ಪಡಿಯಚ್ಚನ್ನು ಸಿದ್ಧಮಾಡುವರು. ಶನಿವಾರ ರಾತ್ರಿಗೆ ಕೆತ್ತನೆ ಮುಗಿಯುವುದು. ಮುಂದಿನ ಬುಧವಾರ ಪತ್ರಿಕೆ ಹೊರಡುವುದು.

ಈ ವಿಧಾನದಲ್ಲಿ ಒಂದು ದೊಡ್ಡ ತ್ಯಾಗವಿದ್ದಿತು. ಚಿತ್ರಕಾರನ ರೇಖೆಯು ಹಲಗೆಯ ಮೇಲೆಯೇ ಇದ್ದುದರಿಂದ, ಕೆತ್ತಿದೊಡನೆ ಮೂಲಚಿತ್ರವು ನಾಶವಾಗುತ್ತಿದ್ದಿತು. ಟೆನಿಯಲ್ಲನ ಪೆನ್ಸಿಲಿನ ರೇಖೆ ಕೂದಲೆಳೆಯಷ್ಟು ಸಣ್ಣ, ಬೆಳ್ಳಿಯಂತೆ ಮಂದಕಾಂತಿಯುಳ್ಳದ್ದು. ಉಳಿಯ ಬಾಯಿಗೆ ಸಿಕ್ಕಿದಮೇಲೆ ಅದು ಕಪ್ಪಾಗಿ ಒರಟಾಗುತ್ತಿದ್ದಿತು. ಸೋಮವಾರ ರಾತ್ರಿ ಅಂಚೆಯಲ್ಲಿ ಬಂದ ಸಂಚಿಕೆಯನ್ನು ತಾನೇ ಬಿಡಿಸಿನೋಡುವ ಧೈರ್ಯ ಅವನಿಗಿರಲಿಲ್ಲ. ಸೋದರಿಯು ಬಿಡಿಸಿ ಕೈಗೆ ಕೊಟ್ಟಮೇಲೆ ಒಮ್ಮೆ ಕಣ್ಣಾಡಿಸಿ, ಆ ವಾರದ ವ್ಯಥೆಯನ್ನು ಅನುಭವಿಸುತ್ತಿದ್ದೆನೆಂದು ಅವನೇ ಹೇಳಿಕೊಂಡಿರುವನು. ಎರಡು ಸಾವಿರಕ್ಕೂ ಮಿಕ್ಕ ಚಿತ್ರಗಳನ್ನು ಬರೆದವನ ಮಾತು ಇದು. ಹೆಂಡತಿಯು ಮದುವೆಯಾದ ಅಲ್ಪಕಾಲದಲ್ಲಿಯೇ ತೀರಿಕೊಂಡಳು, ಅವನು ಮರುಮದುವೆಯಾಗಲಿಲ್ಲ. ಬುಧವಾರದಿಂದ ಶನಿವಾರ, ಶನಿವಾರದಿಂದ ಬುಧವಾರ, ಇದೇ ಅವನ ಸಂಸಾರಚಕ್ರವಾಯಿತು.

ಅಭಿಪ್ರಾಯಗಳ ವಿಷಯದಲ್ಲಿ ಅವನ ನಿಲುವು ಸ್ಪಷ್ಟವಾಗಿದ್ದಿತು. ತನಗೆ ಸ್ವಂತ ರಾಜಕೀಯ ಮತವೇನಾದರೂ ಇದ್ದರೆ ಅದನ್ನು ತನ್ನಲ್ಲಿಯೇ ಇಟ್ಟುಕೊಳ್ಳುವೆನೆಂದೂ, ಹೊರಗೆ ತೋರಿಸುವುದು ಪತ್ರಿಕೆಯ ಮತವನ್ನು ಮಾತ್ರವೆಂದೂ ಅವನು ಹೇಳಿರುವನು. ಸೇವಾಧರ್ಮವೆಂದು ಇದನ್ನು ಮೆಚ್ಚಬಹುದು. ಆದರೆ ಈ ಸೇವಾಧರ್ಮವು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ 1857ನೆಯ ವರ್ಷವೇ ಸಾಕ್ಷಿ.

ಆ ವರ್ಷ ಉತ್ತರಹಿಂದೂಸ್ಥಾನದಲ್ಲಿ ಸಿಪಾಯಿಗಳು ಎದ್ದರು. ಆಂಗ್ಲ ಸ್ತ್ರೀಯರೂ ಮಕ್ಕಳೂ ಹತರಾದ ವಾರ್ತೆಗಳು ಒಂದೊಂದಾಗಿ ಲಂಡನ್ನನ್ನು ಮುಟ್ಟುತ್ತಿದ್ದುವು. ಆಗಸ್ಟ್ 22ರ ಪಂಚ್ ಸಂಚಿಕೆಯಲ್ಲಿ, ಬಂಗಾಲದ ಹುಲಿಯ ಮೇಲೆ ಬ್ರಿಟಿಷ್ ಸಿಂಹದ ಪ್ರತೀಕಾರವೆಂಬ ಚಿತ್ರವು ಎರಡು ಪುಟಗಳನ್ನು ತುಂಬಿ ಬಂದಿತು. ಬಿದ್ದಿರುವ ತಾಯಿ ಮತ್ತು ಮಗುವಿನ ಮೇಲೆ ನಿಂತ ಹುಲಿಯ ಮೇಲಕ್ಕೆ ಸಿಂಹವು ಹಾರುತ್ತಿದೆ. ಕಾನಪುರದ ಚಿತ್ರವೆಂದೇ ಅದು ಪ್ರಖ್ಯಾತವಾಯಿತು. ಅದರ ಕಲ್ಪನೆಯು ಶರ್ಲಿ ಬ್ರೂಕ್ಸ್ ಎಂಬ ಲೇಖಕನದು, ರೇಖೆಯು ಟೆನಿಯಲ್ಲನದು. ಸೆಪ್ಟೆಂಬರ್ 12ರಂದು ನ್ಯಾಯವೆಂಬ ಹೆಸರಿನ ಇನ್ನೊಂದು ಚಿತ್ರವು ಪ್ರಕಟವಾಯಿತು. ಅದರಲ್ಲಿ ನ್ಯಾಯದೇವತೆಯು ಕತ್ತಿಯನ್ನೆತ್ತಿ ಸಿಪಾಯಿಗಳನ್ನು ಕಡಿದುರುಳಿಸುತ್ತಿರುವಳು. ಒಂದು ಕಡೆಯಲ್ಲಿ ಹಿಂದೂದೇಶದ ಹೆಂಗಸರು ಮಕ್ಕಳನ್ನವಚಿಕೊಂಡು ಗೋಳಿಡುತ್ತಿರುವರು. ಹನ್ನೆರಡು ವರ್ಷ ಮುಂಚೆ ಪಾರ್ಲಿಮೆಂಟ್ ಮಂದಿರಕ್ಕಾಗಿ ಈ ಕೈಯೇ ಬರೆದಿದ್ದ ದೇವತೆಯು ಪತ್ರಿಕೆಯ ಪುಟಕ್ಕೆ ಇಳಿದು ಬಂದಾಗ ತಾಳಿದ ರೂಪವಿದು.

ಕಾನಪುರದಲ್ಲಿ ಸೆರೆಯಲ್ಲಿದ್ದ ಸ್ತ್ರೀಬಾಲಕರ ವಧೆಯು ಘೋರಕೃತ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ; ಅದನ್ನು ಮರೆಮಾಡುವುದು ಚರಿತ್ರಕಾರನ ಧರ್ಮವಲ್ಲ. ಆದರೆ ಆ ವಧೆ ನಡೆದುದು ಜುಲೈ ತಿಂಗಳಲ್ಲಿ. ಅದಕ್ಕೆ ಮುಂಚೆಯೇ ಜೂನ್ ತಿಂಗಳಲ್ಲಿ ನೀಲ್ ಎಂಬ ಸೇನಾನಿಯು ಕಾಶಿ ಪ್ರಯಾಗಗಳ ಸುತ್ತಮುತ್ತ ಹಳ್ಳಿಗರನ್ನು ವಿಚಾರಣೆಯಿಲ್ಲದೆ ನೇಣುಹಾಕಿಸಿದ್ದನು. ಹುಲಿಯನ್ನು ಮಾತ್ರ ಬರೆದ ಚಿತ್ರದಲ್ಲಿ ಆ ಹಳ್ಳಿಗರಿಗೆ ಸ್ಥಳವೆಲ್ಲಿ? ಅನ್ಯೋಕ್ತಿಯ ಅಪಾಯವಿರುವುದು ಇಲ್ಲಿಯೇ. ಮನುಷ್ಯನನ್ನು ಮೃಗವೆಂದು ಒಮ್ಮೆ ಬರೆದಮೇಲೆ ಅವನ ಅಪರಾಧವನ್ನು ವಿಚಾರಿಸುವ ಅವಶ್ಯಕತೆಯೇ ಉಳಿಯುವುದಿಲ್ಲ, ಬೇಟೆಯೊಂದೇ ಉಳಿಯುವುದು. ಈ ಉಪಮೆಯು ಅಂದು ಹೊಸದಾಗಿಯೂ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ಕಂಪನಿಯು ತನ್ನ ಸೈನಿಕರಿಗೆ ಕೊಟ್ಟ ಪದಕದ ಮೇಲೆ ಸಿಂಹವು ಹುಲಿಯನ್ನು ಕೆಡವುತ್ತಿರುವ ಚಿತ್ರವಿದೆ; ಹುಲಿಯು ಟಿಪ್ಪು ಸುಲ್ತಾನನ ಲಾಂಛನವಾಗಿದ್ದಿತು. ಅವನ ಅರಮನೆಯಿಂದ ಒಯ್ದ, ಆಂಗ್ಲನೊಬ್ಬನನ್ನು ಹುಲಿಯು ಕಚ್ಚುತ್ತಿರುವ ಮರದ ಯಂತ್ರವು ಆ ಕಾಲಕ್ಕೆ ಬಹುವರ್ಷಗಳಿಂದ ಲಂಡನ್ನಿನಲ್ಲಿ ಜನರ ವಿನೋದಕ್ಕೆ ವಸ್ತುವಾಗಿದ್ದಿತು. ಅದು ಈಗಲೂ ಆ ನಗರದ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮೈಸೂರಿನ ಹುಲಿಯನ್ನು ಕೆಡವಿದ ಸಿಂಹವೇ ಬಂಗಾಲದ ಹುಲಿಯ ಮೇಲೆ ಹಾರಿತೆಂದು ಕನ್ನಡಿಗನಾದ ವಾಚಕನಿಗೆ ತೋರಿದರೆ ಆಶ್ಚರ್ಯವಿಲ್ಲ. ಐರ್ಲೆಂಡಿನವರ ವಿಷಯದಲ್ಲಿಯೂ ಹೀಗೆಯೇ ಆಯಿತು. 1882ರಲ್ಲಿ ಡಬ್ಲಿನ್ ನಗರದಲ್ಲಿ ಇಬ್ಬರು ಅಧಿಕಾರಿಗಳ ಕೊಲೆಯಾದಾಗ, ಐರಿಷ್ ಜನರ ಚಳವಳಿಯನ್ನು ಅವನು ಕೈಯಲ್ಲಿ ಕಠಾರಿ ಹಿಡಿದ ವಿಕಾರ ರಾಕ್ಷಸನನ್ನಾಗಿ ಬರೆದನು.

ಇಷ್ಟರಿಂದಲೇ ಅವನನ್ನು ಕಠಿನಹೃದಯನೆಂದು ನಿರ್ಣಯಿಸುವುದು ಯುಕ್ತವಲ್ಲ. 1863ರಲ್ಲಿ ಲಂಡನ್ನಿನ ಹೊಲಿಗೆಯಂಗಡಿಯೊಂದರಲ್ಲಿ ಬಡ ಹೆಣ್ಣುಮಗಳೊಬ್ಬಳು ವಿರಾಮವಿಲ್ಲದ ದುಡಿತದಿಂದ ಸತ್ತಳು. ಆಗ ಟೆನಿಯಲ್ಲನು ಬರೆದ ಚಿತ್ರದಲ್ಲಿ ಶ್ರೀಮಂತ ಸ್ತ್ರೀಯೊಬ್ಬಳು ಹೊಸ ಉಡುಪನ್ನು ತೊಟ್ಟು ಕನ್ನಡಿಯನ್ನು ನೋಡುತ್ತಾಳೆ. ಕನ್ನಡಿಯೊಳಗೆ ಆ ಉಡುಪನ್ನು ಹೊಲಿದವಳ ಶವವು ಕಾಣಿಸುತ್ತದೆ. 1888ರಲ್ಲಿ ಲಂಡನ್ನಿನ ಪೂರ್ವಭಾಗದ ಕೊಳೆಗೇರಿಗಳಲ್ಲಿ ಸ್ತ್ರೀಯರ ಕೊಲೆಗಳು ನಡೆದು ನಗರವು ತಲ್ಲಣಿಸಿದಾಗ, ಕತ್ತಿ ಹಿಡಿದು ಆ ಕೇರಿಯಲ್ಲಿ ತೇಲುವ ಪ್ರೇತವೊಂದನ್ನು ಬರೆದನು. ಬಡವರನ್ನು ಉಪೇಕ್ಷಿಸಿದ ಸಮಾಜದ ಪಾಪವೇ ಪ್ರೇತವಾಗಿ ಬಂದಿದೆಯೆಂಬುದು ಅದರ ತಾತ್ಪರ್ಯ. ಕಣ್ಣೆದುರಿಗಿದ್ದ ನಗರದ ದುಃಖವನ್ನು ಬರೆಯುವಾಗ ಆ ಕೈ ಸತ್ಯಕ್ಕೆ ಸಮೀಪವಾಗಿರುವುದು. ಎಂದೂ ಕಾಲಿಡದ ದೇಶವನ್ನು ಬರೆಯುವಾಗ, ಮೇಜಿನ ಸುತ್ತ ಕೇಳಿದ ಮಾತುಗಳೇ ಅದಕ್ಕೆ ಕಣ್ಣಾದುವು.

ಅಮೆರಿಕದ ಅಧ್ಯಕ್ಷನಾದ ಅಬ್ರಹಾಂ ಲಿಂಕನನ ವಿಷಯದಲ್ಲಿ ನಡೆದುದು ಇನ್ನೂ ಗಮನಾರ್ಹವಾಗಿದೆ. ಅಲ್ಲಿಯ ಅಂತರ್ಯುದ್ಧದ ಉದ್ದಕ್ಕೂ ಪಂಚ್ ಪತ್ರಿಕೆಯು ಅವನನ್ನು ಕುರೂಪಿಯಾಗಿಯೂ ಮೋಸಗಾರನಾಗಿಯೂ ಚಿತ್ರಿಸಿತು, ಬರೆದವನು ಟೆನಿಯಲ್. 1865ರ ಏಪ್ರಿಲ್ಲಿನಲ್ಲಿ ಲಿಂಕನನು ನಾಟಕಶಾಲೆಯಲ್ಲಿ ಗುಂಡಿಗೆ ಬಲಿಯಾದನು. ಮೇ 6ರ ಸಂಚಿಕೆಯಲ್ಲಿ, ಬ್ರಿಟಾನಿಯಾ ದೇವಿಯು ಅವನ ಶವದ ಮೇಲೆ ಪುಷ್ಪಹಾರವನ್ನಿಡುವ ಚಿತ್ರವನ್ನು ಟೆನಿಯಲ್ಲನೇ ಬರೆದನು. ಅದರೊಡನೆ ಟಾಮ್ ಟೇಲರ್ ಎಂಬವನು ಪದ್ಯವನ್ನು ಬರೆದು, ಪತ್ರಿಕೆಯ ಹಿಂದಿನ ಅಪಹಾಸ್ಯಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪಪಟ್ಟನು. ಲಿಂಕನನು ಹತನಾದ ರಾತ್ರಿ ನೋಡುತ್ತಿದ್ದ ನಾಟಕವು ಈ ಟೇಲರನ ಕೃತಿಯೇ ಎಂಬುದು ದೈವದ ವಿಚಿತ್ರ ಘಟನೆ. ಅನ್ಯದೇಶದ ಒಬ್ಬ ನಾಯಕನಿಗೆ ಇಂತಹ ಪ್ರಾಯಶ್ಚಿತ್ತವು ಸಂದಿತು. ಪ್ರಯಾಗದ ಹಳ್ಳಿಗರಿಗೆ ಸಲ್ಲಲಿಲ್ಲ.

ರಾಜಕೀಯ ಚಿತ್ರಗಳಲ್ಲಿ ಇನ್ನೆರಡನ್ನು ಹೇಳದಿದ್ದರೆ ಲೋಪವಾದೀತು. 1876ರಲ್ಲಿ ವಿಕ್ಟೋರಿಯಾ ರಾಣಿಗೆ ಇಂಡಿಯಾದ ಚಕ್ರವರ್ತಿನಿಯೆಂಬ ಬಿರುದನ್ನು ಕೊಡಿಸಲು ಪ್ರಧಾನಮಂತ್ರಿ ಡಿಸ್ರೇಲಿಯು ಮಸೂದೆಯನ್ನು ತಂದನು. ಹಳೆಯ ದೀಪಕ್ಕೆ ಹೊಸ ದೀಪವನ್ನು ಕೊಡುವೆನೆಂದು ಕೂಗುವ ಅಲ್ಲಾದೀನನ ಕಥೆಯ ಮಾಂತ್ರಿಕನ ವೇಷದಲ್ಲಿ ಡಿಸ್ರೇಲಿಯನ್ನು ನಿಲ್ಲಿಸಿ, ರಾಣಿಯ ಹಳೆಯ ಕಿರೀಟಕ್ಕೆ ಹೊಸದನ್ನು ಮಾರುತ್ತಿರುವಂತೆ ಟೆನಿಯಲ್ಲನು ತೋರಿಸಿದನು. ಆ ಕಥೆಯಲ್ಲಿ ಬದಲಿಸಿಕೊಂಡವರು ಮೋಸಹೋದರೆಂಬುದನ್ನು ನೋಡುವವನೇ ಊಹಿಸಿಕೊಳ್ಳಬೇಕು. ವ್ಯಂಗ್ಯದ ಉತ್ತಮ ಲಕ್ಷಣವಿದು. 1890ರ ಮಾರ್ಚ್ 29ರಂದು ಬಂದ ಚಿತ್ರವು ಇದಕ್ಕಿಂತಲೂ ಪ್ರಸಿದ್ಧ. ಜರ್ಮನಿಯ ತರುಣ ಚಕ್ರವರ್ತಿಯು ವೃದ್ಧಮಂತ್ರಿಯಾದ ಬಿಸ್ಮಾರ್ಕನನ್ನು ಅಧಿಕಾರದಿಂದ ಇಳಿಸಿದ ಸಂದರ್ಭವದು. ಹಡಗಿನ ಪಕ್ಕದ ಏಣಿಯಲ್ಲಿ ವೃದ್ಧ ಚುಕ್ಕಾಣಿಗನು ಒಂದೊಂದೇ ಮೆಟ್ಟಿಲು ಇಳಿಯುತ್ತಿರುವನು. ಮೇಲೆ ಕಟಕಟೆಗೆ ಒರಗಿ ಚಕ್ರವರ್ತಿಯು ನೋಡುತ್ತಿರುವನು. ಇಲ್ಲಿ ನಿಂದೆಯೂ ಇಲ್ಲ, ಸ್ತುತಿಯೂ ಇಲ್ಲ. ಮುಂದೆ ಆ ಹಡಗಿಗೆ ಏನಾಯಿತೆಂಬುದನ್ನು 1914ರಿಂದ 1918ರವರೆಗಿನ ಯುದ್ಧವು ತಿಳಿಸಿತು. ಈ ಕಲ್ಪನೆಯೂ ಟೆನಿಯಲ್ಲನದಲ್ಲ, ಗಿಲ್ಬರ್ಟ್ ಅ ಬೆಕೆಟ್ ಎಂಬವನದು. ಆದರೆ ಇಳಿಯುವ ಮುದುಕನ ಭಾರವಾದ ಹೆಜ್ಜೆಯನ್ನು ಯಾವ ಮೇಜೂ ಹೇಳಿಕೊಡಲಾರದು. ಅದು ಚಿತ್ರಕಾರನ ಸ್ವಂತ ಸೊತ್ತು.

ಇನ್ನು ಆಲಿಸಳ ಕಥೆಗೆ ಬರೋಣ. ಆಕ್ಸ್‌ಫರ್ಡಿನ ಗಣಿತೋಪಾಧ್ಯಾಯ ಚಾರ್ಲ್ಸ್ ಡಾಡ್ಸನನು ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಬರೆದ ಆ ಕಥೆಗೆ ಚಿತ್ರಗಳನ್ನು ಕೇಳಿದಾಗ, ಟೆನಿಯಲ್ಲನನ್ನು ಪರಿಚಯಮಾಡಿಸಿದವನು ಮೇಲೆ ಹೇಳಿದ ಟೇಲರನೇ. 42 ಚಿತ್ರಗಳು ಸಿದ್ಧವಾದುವು. ಡಾಲ್ಝಿಯಲ್ ಸೋದರರು ಕೆತ್ತಿದರು. ಚಿತ್ರಕಾರನಿಗೆ ಸಂದ ಪ್ರತಿಫಲ 138 ಪೌಂಡು. 1865ರ ಜುಲೈ ತಿಂಗಳಲ್ಲಿ 2000 ಪ್ರತಿಗಳು ಅಚ್ಚಾಗಿದ್ದುವು. ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಟೆನಿಯಲ್ಲನು ಕಟುವಾಗಿ ಆಕ್ಷೇಪಿಸಿದನು. ಖರ್ಚೆಲ್ಲ ತನ್ನದಾಗಿದ್ದರೂ ಡಾಡ್ಸನನು ಆ ಮುದ್ರಣವನ್ನೇ ಹಿಂತೆಗೆದುಕೊಂಡು ಬೇರೆ ಅಚ್ಚುಕೂಟದಲ್ಲಿ ಪುನಃ ಅಚ್ಚುಹಾಕಿಸಿದನು. ಎರಡನೆಯ ಪುಸ್ತಕವಾದ ಕನ್ನಡಿಯೊಳಗಿನ ಲೋಕವು 1871ರ ಕೊನೆಯಲ್ಲಿ 50 ಚಿತ್ರಗಳೊಡನೆ ಬಂದಿತು. ಅದರಲ್ಲಿ ಟೋಪನ್ ಕೂದಲಿನ ಕಣಜದ ಹುಳುವೊಂದರ ಪ್ರಸಂಗವು ರಸಹೀನವೆಂದೂ ತನಗೆ ಚಿತ್ರಿಸಲಾಗದೆಂದೂ ಟೆನಿಯಲ್ಲನು ಕಾಗದ ಬರೆಯಲು, ಗ್ರಂಥಕರ್ತನು ಅದನ್ನು ತೆಗೆದುಹಾಕಿದನು. ಆ ಪ್ರಸಂಗದ ಅಚ್ಚಿನ ಕರಡು 1974ರಲ್ಲಿ ಲಂಡನ್ನಿನ ಹರಾಜಿಗೆ ಬಂದಾಗಲೇ ಲೋಕಕ್ಕೆ ತಿಳಿದುದು.

ನಡುವಂಗಿ ತೊಟ್ಟು ಗಡಿಯಾರ ನೋಡಿಕೊಳ್ಳುವ ಬಿಳಿಯ ಮೊಲವನ್ನು ಒಮ್ಮೆ ಕಂಡವರು ಮರೆಯಲಾರರು. ಮೊಲದ ಮೊಲತನವು ಕೂದಲೆಳೆಯಷ್ಟೂ ಕುಂದದೆ, ಅವಸರದ ಗುಮಾಸ್ತೆಯೊಬ್ಬನು ಅದರೊಳಗಿಂದ ಇಣುಕುವನು. ಪಂಚ್ ಪತ್ರಿಕೆಯಲ್ಲಿ ಮನುಷ್ಯರನ್ನು ಮೃಗಗಳ ಮಟ್ಟಕ್ಕಿಳಿಸಿದ ವಿದ್ಯೆಯೇ ಇಲ್ಲಿ ಮೃಗಗಳನ್ನು ಮನುಷ್ಯರ ಸ್ನೇಹಕ್ಕೆ ಏರಿಸಿತು. ನಾ. ಕಸ್ತೂರಿಯವರು ಪಾತಾಳದಲ್ಲಿ ಪಾಪಚ್ಚಿಯೆಂದು ಈ ಕಥೆಯನ್ನು ಕನ್ನಡಕ್ಕೆ ತಂದರು; ನಮ್ಮ ಮಕ್ಕಳೂ ಆ ಲೋಕದಲ್ಲಿ ವಿಹರಿಸುವಂತಾಯಿತು. ಕೆತ್ತಿದ ಮೂಲ ಮರದ ಅಚ್ಚುಗಳು ಕಳೆದುಹೋದುವೆಂದು ತಿಳಿದಿದ್ದರು. 1985ರಲ್ಲಿ ಲಂಡನ್ನಿನ ಬ್ಯಾಂಕೊಂದರ ನೆಲಮಾಳಿಗೆಯಲ್ಲಿ ಅವು ಸಿಕ್ಕಿದುವು.

1893ರಲ್ಲಿ ಅವನಿಗೆ ಸರ್ ಪದವಿ ದೊರೆಯಿತು. ಪರಿಹಾಸ ಪತ್ರಿಕೆಯ ಚಿತ್ರಕಾರನೊಬ್ಬನಿಗೆ ಅಂದಿನ ಕಾಲದಲ್ಲಿ ಅದು ದೊಡ್ಡ ಗೌರವ. 1901ರ ಜನವರಿಯಲ್ಲಿ, ರಾಣಿಯು ಕಾಲವಾದ ತಿಂಗಳಲ್ಲಿಯೇ, ಅವನು ಪತ್ರಿಕೆಯಿಂದ ನಿವೃತ್ತನಾದನು. ಜೂನ್ ತಿಂಗಳಲ್ಲಿ ನಡೆದ ಬೀಳ್ಕೊಡುಗೆಯ ಔತಣಕ್ಕೆ ಬಾಲ್ಫೋರನು ಅಧ್ಯಕ್ಷನಾಗಿದ್ದನು. ಉತ್ತರ ಹೇಳಲೆಂದು ಎದ್ದ ವೃದ್ಧನಿಗೆ ಗಂಟಲು ಕಟ್ಟಿ ಮಾತು ಹೊರಡದೆ ಕುಳಿತುಕೊಂಡನು. ಐವತ್ತು ವರ್ಷ ಇತರರ ಮಾತಿಗೆ ರೂಪ ಕೊಟ್ಟವನಿಗೆ ಸ್ವಂತ ಮಾತಿನ ಸಮಯದಲ್ಲಿ ಮೌನವೇ ಒದಗಿತು. ಕೊನೆಗಾಲದಲ್ಲಿ ಉಳಿದ ಕಣ್ಣೂ ಮಂಜಾಯಿತು. 1914ರ ಫೆಬ್ರವರಿ 25ರಂದು, 94ನೆಯ ವರ್ಷ ತುಂಬಲು ಮೂರು ದಿನಗಳಿರುವಾಗ, ಅವನು ಮೃತನಾದನು. ಪಂಚ್ ಪತ್ರಿಕೆಯೂ 1992ರಲ್ಲಿ ನಿಂತಿತು. ಬಳಿಕ ಕೆಲವು ವರ್ಷ ಪುನಃ ನಡೆದು 2002ರಲ್ಲಿ ಅಸ್ತಮಿಸಿತು.

ಇಂತಹವನ ವಿಷಯದಲ್ಲಿ ನಾವು ಏನು ಹೇಳಬೇಕು? ಅಚ್ಚಿನ ಮಸಿಯು ಮಂದವಾಯಿತೆಂದು 2000 ಪುಸ್ತಕಗಳನ್ನು ಹಿಂತೆಗೆಯಿಸಿದ ದಿಟ್ಟತನ ಅವನಲ್ಲಿದ್ದಿತು. ಕಥೆಯೊಂದರಲ್ಲಿ ಕಣಜದ ಹುಳುವು ಬೇಡವೆನ್ನುವ ಸ್ವಾತಂತ್ರ್ಯವೂ ಇದ್ದಿತು. ಮೇಜಿನ ಸುತ್ತ ಪ್ರತೀಕಾರದ ಮಾತು ಬಂದಾಗ ಆ ದಿಟ್ಟತನವು ಕಾಣಿಸಿಕೊಳ್ಳಲಿಲ್ಲ. ಡಾಯ್ಲನು ಎದ್ದುಹೋದಂತೆ ಅವನೂ ಎದ್ದುಹೋಗಬಹುದಾಗಿದ್ದಿತು. ಆ ದಾರಿಯು ಅವನ ಕಣ್ಣೆದುರಿಗೇ ಇದ್ದಿತು. ರೇಖೆಯ ದೋಷಕ್ಕಾಗಿ ವಾರವಾರವೂ ಮರುಗಿದವನು ಅರ್ಥದ ದೋಷವನ್ನು ಪತ್ರಿಕೆಯ ಲೆಕ್ಕಕ್ಕೆ ಬರೆದನು. ಆದರೆ ನೋಡುವವನ ಮನಸ್ಸಿನಲ್ಲಿ ರೇಖೆಯೂ ಅರ್ಥವೂ ಬೇರೆಬೇರೆಯಾಗಿ ಉಳಿಯವು. ಚಿತ್ರವು ಎಷ್ಟು ಸೊಗಸೋ ಅದರೊಳಗಿನ ಅನ್ಯಾಯವೂ ಅಷ್ಟು ದೂರ ಹರಡುವುದು. ಕಲ್ಪನೆಯು ಬ್ರೂಕ್ಸನದೆಂಬುದನ್ನು ಬಲ್ಲವರು ಹತ್ತಾರು ಮಂದಿ. ಹುಲಿಯನ್ನು ಕಂಡವರು ಲಕ್ಷಾಂತರ.

ಕನ್ನಡದಲ್ಲಿಯೂ ಈ ಕಲೆಯು ಬೇರೂರಿದೆ. 1942ರಲ್ಲಿ ರಾಶಿಯವರು ಆರಂಭಿಸಿದ ಕೊರವಂಜಿಯಲ್ಲಿ ಆರ್. ಕೆ. ಲಕ್ಷ್ಮಣರ ಎಳೆಯ ವಯಸ್ಸಿನ ಚಿತ್ರಗಳು ಬಂದುವು. ಮುಂದೆ ಅವರು ಬರೆದ ಸಾಮಾನ್ಯಮನುಷ್ಯನನ್ನು ಭಾರತವೆಲ್ಲ ಬಲ್ಲುದು. ಯಾರನ್ನೂ ಮೃಗವನ್ನಾಗಿ ಮಾಡದೆ, ಬಲ್ಲಿದರ ನಡುವೆ ಮೌನವಾಗಿ ನಿಂತು ನೋಡುವ ಆ ಮುದುಕನನ್ನು ಟೆನಿಯಲ್ಲನ ಹುಲಿಯ ಪಕ್ಕದಲ್ಲಿಟ್ಟು ನೋಡಿದರೆ, ಪರಿಹಾಸವು ಯಾರ ಕಡೆಗೆ ನಿಲ್ಲಬೇಕೆಂಬುದು ವಿವೇಕಿಗಳಾದ ವಾಚಕರಿಗೆ ತಾನಾಗಿಯೇ ಹೊಳೆದೀತು.